ಜಾಯಂಟ್ಸ್ ಬಿಟ್ಟುಹೋದ ಮೈದಾನಗಳು

ಕ್ರಿಕೆಟ್ ನೋಡಿ ಬೆಳೆದವರು ಬೇಸ್‌ಬಾಲ್ ಮೈದಾನದ ಬಗ್ಗೆ ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ. ಒಳಗಿನ ಅಳತೆಯಲ್ಲಿ ನಿಯಮ ಬಲು ಬಿಗಿ, ಹೊರಗಿನ ಅಳತೆಯಲ್ಲಿ ಬಲು ಸಡಿಲ. ಓಟಗಾರ ಮುಟ್ಟುತ್ತಾ ಸಾಗಬೇಕಾದ ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ, ಚೆಂಡು ಎಸೆಯುವ ಪಿಚರ್ ನಿಲ್ಲುವ ಪಟ್ಟಿಯಿಂದ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು. ಇವು ನ್ಯೂಯಾರ್ಕಿನಲ್ಲೂ ಟೋಕಿಯೋದಲ್ಲೂ ಒಂದೇ. ಆದರೆ ಹಿಂಬದಿಯ ಗೋಡೆ ಎಷ್ಟು ದೂರವಿರಬೇಕು, ಎಷ್ಟು ಎತ್ತರವಿರಬೇಕು, ಯಾವ ಆಕಾರದಲ್ಲಿರಬೇಕು ಎನ್ನುವುದನ್ನು ಆಟದ ಮೊದಲ ಎಪ್ಪತ್ತೆಂಬತ್ತು ವರ್ಷ ನಿಯಮ ಹೆಚ್ಚುಕಡಿಮೆ ಕೇಳಲೇ ಇಲ್ಲ.

ಕಾಗದದ ಮೇಲೆ ಒಂದು ಲಂಬಕೋನ ಬರೆಯಿರಿ. ಮೂಲೆಯಲ್ಲಿ ಬ್ಯಾಟರ್ ನಿಂತಿದ್ದಾನೆ. ಎರಡು ಗೆರೆಗಳ ನಡುವೆ ಹೋದ ಚೆಂಡು ಮಾತ್ರ ಆಟದಲ್ಲಿರುತ್ತದೆ, ಹೊರಗೆ ಹೋದದ್ದು ಫೌಲ್. ಈ ಎರಡು ಗೆರೆಗಳ ತುದಿಯಲ್ಲಿ ಗೋಡೆ ಹತ್ತಿರವಿದ್ದರೆ, ಮೈಯ ಕಡೆಗೆ ಎಳೆದು ಹೊಡೆಯುವವನಿಗೆ ಹಬ್ಬ. ನಡುವೆ ಗೋಡೆ ದೂರವಿದ್ದರೆ ನೇರಕ್ಕೆ ಹೊಡೆಯುವವನ ಪಾಡು ಕಷ್ಟ. ಹಾಗಾಗಿ ಗೋಡೆ ಎಲ್ಲಿ ನಿಂತಿದೆ ಎನ್ನುವುದು ತಂಡದ ಭವಿಷ್ಯದ ಪ್ರಶ್ನೆ. ಆ ಗೋಡೆ ಎಲ್ಲಿ ನಿಲ್ಲಬೇಕೆಂದು ಹೇಳಿದ್ದು ಮಾತ್ರ ಆಟವಲ್ಲ, ನೆಲ. ಆ ನೆಲ ಯಾರದು, ಎಷ್ಟಿದೆ, ಪಕ್ಕದಲ್ಲಿ ರಸ್ತೆಯೋ ಗುಡ್ಡವೋ ನೀರೋ, ಗಾಳಿ ಯಾವ ಕಡೆಯಿಂದ ಬರುತ್ತದೆ ಎಂಬುದರ ಮೇಲೆಯೇ ಎಲ್ಲವೂ ನಿಂತಿತ್ತು. ಇದನ್ನು ಹೇಳಲು ಸ್ಯಾನ್ ಫ್ರಾನ್ಸಿಸ್ಕೊ ಜಾಯಂಟ್ಸ್ ತಂಡಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1883ರಲ್ಲಿ ನ್ಯೂಯಾರ್ಕಿನಲ್ಲಿ ಗೋಥಮ್ಸ್ ಎಂಬ ಹೆಸರಿನಲ್ಲಿ ಹುಟ್ಟಿ, 1958ರಲ್ಲಿ ದೇಶದ ಇನ್ನೊಂದು ದಡಕ್ಕೆ ಹೋದ ತಂಡ ಇದು.

ಮೊದಲ ಮನೆ ಮ್ಯಾನ್‌ಹಟನ್ನಿನ ಸೆಂಟ್ರಲ್ ಪಾರ್ಕ್‌ನ ಉತ್ತರ ಅಂಚಿಗೆ, 110ನೇ ಬೀದಿಯಲ್ಲಿತ್ತು. ಅಲ್ಲಿ ನಿಜಕ್ಕೂ ಪೋಲೊ ಆಡುತ್ತಿದ್ದರು. ಪೋಲೊ ಗ್ರೌಂಡ್ಸ್ ಎಂಬ ಹೆಸರು ಬಂದದ್ದು ಹಾಗೆ. ಮುಂದೆ ಇದೇ ಹೆಸರು ಹೊತ್ತ ಮೂರು ಮೈದಾನಗಳಲ್ಲಿ ಒಂದರಲ್ಲೂ ಯಾರೂ ಪೋಲೊ ಆಡಲು ಹೋಗಲಿಲ್ಲ. 110ನೇ ಬೀದಿಯ ಜಾಗದಲ್ಲಿ ಎರಡು ತಂಡಗಳು ಒಂದೇ ಹೊತ್ತಿಗೆ ಎರಡು ಅಂಗಳಗಳಲ್ಲಿ ಆಡುತ್ತಿದ್ದವು, ನಡುವೆ ಬರೀ ಕ್ಯಾನ್ವಾಸ್ ಬೇಲಿ. ಪಶ್ಚಿಮದ ಅಂಗಳವನ್ನು ಮಟ್ಟ ಮಾಡಲು ಊರಿನ ಕಸ ತುಂಬಿಸಿದ್ದರಂತೆ. ಅಲ್ಲಿ ಆಡಬೇಕಾದವರ ಮೂಗಿನ ಗತಿ ಊಹಿಸಿಕೊಳ್ಳಿ. 1889ರಲ್ಲಿ ನಗರಾಡಳಿತ 111ನೇ ಬೀದಿಯನ್ನು ಮೈದಾನದ ನಡುವೆಯೇ ಹಾಯಿಸಿತು. ಹಿಂದಿನ ವರ್ಷವಷ್ಟೇ ಚಾಂಪಿಯನ್ ಆಗಿದ್ದ ತಂಡ ಜರ್ಸಿ ಸಿಟಿ, ಸ್ಟೇಟನ್ ಐಲ್ಯಾಂಡ್ ಎಂದು ಕೆಲವು ವಾರ ಅಲೆದು, ಜುಲೈ 8ರಂದು 155ನೇ ಬೀದಿಯ ಹೊಸ ಜಾಗಕ್ಕೆ ಬಂತು.

ಈ ಹೊಸ ಜಾಗದ ಒಂದು ಬದಿಗೆ ಕೂಗನ್ಸ್ ಬ್ಲಫ್ ಎಂಬ ಕಡಿದಾದ ಬಂಡೆಗುಡ್ಡ, ಇನ್ನೊಂದು ಬದಿಗೆ ಹಾರ್ಲೆಮ್ ನದಿ. ನೆಲ ಕೂಗನ್ ಕುಟುಂಬದ್ದು, ತಂಡ ಬಾಡಿಗೆದಾರ. ಇದನ್ನು ನೆನಪಿಡಿ, ಜಾಯಂಟ್ಸ್ ಅಲ್ಲಿದ್ದಷ್ಟು ದಿನವೂ ನೆಲ ಅವರದಾಗಲಿಲ್ಲ. 1890ರಲ್ಲಿ ಆಟಗಾರರೇ ಮಾಲೀಕರ ವಿರುದ್ಧ ಬಂಡೆದ್ದು ಪ್ಲೇಯರ್ಸ್ ಲೀಗ್ ಕಟ್ಟಿದಾಗ, ಅದರ ನ್ಯೂಯಾರ್ಕ್ ತಂಡ ಪಕ್ಕದ ಜಾಗದಲ್ಲೇ ಬ್ರದರ್‌ಹುಡ್ ಪಾರ್ಕ್ ಎಬ್ಬಿಸಿತು. ಎರಡು ಮೈದಾನಗಳ ನಡುವೆ ಇದ್ದದ್ದು ಬೇಲಿಗಳ ಅಂತರವಷ್ಟೇ. ಆ ವರ್ಷದ ಮೇ 12ರಂದು ಜಾಯಂಟ್ಸ್‌ನ ಮೈಕ್ ಟಿಯರ್ನನ್ 13ನೇ ಇನಿಂಗ್ಸ್‌ನಲ್ಲಿ (ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು) ಹೊಡೆದ ಚೆಂಡು ಬೇಲಿ ಹಾರಿ ಪಕ್ಕದ ಮೈದಾನದ ಕಡೆ ಬಿತ್ತು. ಪಂದ್ಯ 1-0. ಎರಡೂ ಮೈದಾನಗಳ ಪ್ರೇಕ್ಷಕರು ಅವನಿಗೆ ಚಪ್ಪಾಳೆ ತಟ್ಟಿದರು. ಬಂಡಾಯದ ಲೀಗ್ ಒಂದೇ ವರ್ಷಕ್ಕೆ ಮುಗಿಯಿತು. 1891ರಲ್ಲಿ ಜಾಯಂಟ್ಸ್ ಹೆಸರನ್ನೂ ಹೊತ್ತುಕೊಂಡು ಆ ಪಕ್ಕದ, ಇನ್ನೂ ದೊಡ್ಡ ಮೈದಾನಕ್ಕೆ ಹೋದರು.

ಆಗಿನ ಸ್ಟ್ಯಾಂಡ್‌ಗಳೆಲ್ಲ ಮರದವು. ಒಣ ಮರ, ಮೇಲೆ ಬಣ್ಣ, ಕೆಳಗೆ ಕಾಗದದ ಕಸ, ಸಾವಿರಾರು ಜನ ಸೇದಿ ಎಸೆದ ಚುಟ್ಟಾ. ಆ ಕಾಲದ ಮೈದಾನಗಳು ಒಂದಾದ ಮೇಲೊಂದು ಸುಟ್ಟದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಇಲ್ಲಿಯ ಸರದಿ 1911ರ ಏಪ್ರಿಲ್ 14ರಂದು, ಋತು ಶುರುವಾದ ಕೂಡಲೇ ಬಂತು. ಮುಖ್ಯ ಸ್ಟ್ಯಾಂಡ್ ರಾತ್ರೋರಾತ್ರಿ ಬೂದಿಯಾಯಿತು. ಔಟ್‌ಫೀಲ್ಡ್‌ನ ಬೆಂಚುಗಳಿಗೂ ಮುಖ್ಯ ಸ್ಟ್ಯಾಂಡಿಗೂ ನಡುವೆ ಖಾಲಿ ಜಾಗ ಇದ್ದದ್ದರಿಂದ ಬೆಂಚುಗಳ ಒಂದು ಭಾಗ ಉಳಿಯಿತು. ಮಾಲೀಕ ಜಾನ್ ಬ್ರಷ್ ಕಾಂಕ್ರೀಟ್ ಮತ್ತು ಉಕ್ಕಿನಲ್ಲೇ ಕಟ್ಟಿಸುವ ತೀರ್ಮಾನ ಮಾಡಿದ. ಅಲ್ಲಿಯವರೆಗೆ ಹೈಲ್ಯಾಂಡರ್ಸ್ ತಂಡ, ಅಂದರೆ ಮುಂದೆ ಯಾಂಕೀಸ್ ಆದವರು, ತಮ್ಮ ಹಿಲ್‌ಟಾಪ್ ಪಾರ್ಕ್ ಬಿಟ್ಟುಕೊಟ್ಟರು. ಜೂನ್ 28ಕ್ಕೆ ಅರೆಬರೆ ಕಟ್ಟಿದ ಹೊಸ ಪೋಲೊ ಗ್ರೌಂಡ್ಸ್‌ನಲ್ಲಿ ಆಟ ಮತ್ತೆ ಶುರು, ಅಕ್ಟೋಬರ್‌ನಲ್ಲಿ ಅಲ್ಲೇ ವರ್ಷದ ಅಂತಿಮ ಪಟ್ಟದ ಸರಣಿ ವರ್ಲ್ಡ್ ಸೀರೀಸ್! ಈ ಉಪಕಾರ ಮುಂದೆ ತಿರುಗಿ ಸಂದಿತು: ಯಾಂಕೀಸ್ 1913ರಿಂದ 1922ರವರೆಗೆ ಪೋಲೊ ಗ್ರೌಂಡ್ಸ್‌ನಲ್ಲಿ ಬಾಡಿಗೆಗೆ ಇದ್ದರು.

ಈಗ ಆ ಮೈದಾನದ ಆಕಾರಕ್ಕೆ ಬರೋಣ. ನಾನು ಹೇಳಬೇಕೆಂದಿದ್ದ ವಿಷಯದ ಹೂರಣ ಇರುವುದು ಇಲ್ಲಿ. ಗುಡ್ಡಕ್ಕೂ ರಸ್ತೆಗೂ ನಡುವಿನ ನಿವೇಶನ ಉದ್ದವಾಗಿತ್ತು, ಅಗಲ ಕಮ್ಮಿ. ಹಾಗಾಗಿ ಸ್ಟ್ಯಾಂಡ್ ಕುದುರೆಲಾಳದಂತೆ ಉದ್ದಕ್ಕೆ ಬಂತು. ಎಡಗೆರೆಯ ತುದಿಗೆ 279 ಅಡಿ, ಬಲಗೆರೆಯ ತುದಿಗೆ ಸುಮಾರು 258 ಅಡಿ, ನಟ್ಟನಡುವೆ 483 ಅಡಿ. ನಡುವಿನ ಅಳತೆಯನ್ನು ಕೆಲವು ವರ್ಷಗಳಲ್ಲಿ 500ರ ಮೇಲೂ ತೋರಿಸಿದ್ದಾರೆ. ಕ್ರಿಕೆಟ್ಟಿನ ಲೆಕ್ಕದಲ್ಲಿ 258 ಅಡಿ ಎಂದರೆ 86 ಗಜ. ಬೌಂಡರಿ 65ರಿಂದ 90 ಗಜದ ನಡುವೆ ಇರಬೇಕೆಂಬ ಅಂತರರಾಷ್ಟ್ರೀಯ ಕ್ರಿಕೆಟ್ ಮಿತಿಯೊಳಗೇ ಅದು ಕೂರುತ್ತದೆ. ಬೇಸ್‌ಬಾಲ್‌ಗೆ ಅದು ಅಂಗಳ ದಾಟಿಸಿದಷ್ಟು ಸುಲಭ. ನಡುವಿನ 483 ಅಡಿ, ಅಂದರೆ 161 ಗಜ, ಯಾವ ಆಟಕ್ಕೂ ಅತಿರೇಕವೇ. ಜೊತೆಗೆ ಎಡಬದಿಯ ಮೇಲಂತಸ್ತು ಕೆಳಗಿನ ಗೋಡೆಗಿಂತ ಸುಮಾರು 20 ಅಡಿ ಮುಂದಕ್ಕೆ ಚಾಚಿತ್ತು. ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಕೈಚಾಚಿ ನಿಂತ ಫೀಲ್ಡರ್‌ನ ತಲೆಯ ಮೇಲೆಯೇ ಚೆಂಡು ಮೇಲಂತಸ್ತಿನ ಅಂಚಿಗೆ ತಾಗಿ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥದ್ದು) ಆಗುತ್ತಿತ್ತು. ಔಟ್‌ಫೀಲ್ಡ್ ನೀರು ಹರಿಯಲೆಂದು ಇಳಿಜಾರಾಗಿತ್ತು, ಅಂಗಳದ ಪಕ್ಕದ ತಗ್ಗು ಆಸನದಲ್ಲಿ, ಡಗ್‌ಔಟ್‌ನಲ್ಲಿ, ಕೂತ ಮ್ಯಾನೇಜರ್‌ಗೆ ದೂರದ ಆಟಗಾರರ ಮೇಲರ್ಧ ಮಾತ್ರ ಕಾಣುತ್ತಿತ್ತು. ಬದಲಿ ಪಿಚರ್‌ಗಳು ಕೈ ಬಿಸಿ ಮಾಡಿಕೊಳ್ಳುವ ಬುಲ್‌ಪೆನ್‌ಗಳು ಆಟದ ಅಂಗಳದ ಒಳಗೇ ಇದ್ದವು, ಎಡ-ನಡು ಮತ್ತು ಬಲ-ನಡುವಿನಲ್ಲಿ. ನಡುವಿನ ಗೋಡೆಯ ಮುಂದೆ, ಅದೂ ಆಟದ ಒಳಗೇ, ಮೊದಲ ಮಹಾಯುದ್ಧದಲ್ಲಿ ಸತ್ತ ಮಾಜಿ ಆಟಗಾರ ಎಡ್ಡಿ ಗ್ರಾಂಟ್‌ನ ಸ್ಮಾರಕ.

ಇದರ ಪರಿಣಾಮ ನೋಡಬೇಕಾದರೆ 1954ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ ಸಾಕು. ಸೆಪ್ಟೆಂಬರ್ 29, ಎದುರಾಳಿ ಕ್ಲೀವ್‌ಲ್ಯಾಂಡ್, ಎಂಟನೇ ಇನಿಂಗ್ಸ್, 2-2. ಎರಡು ಬೇಸ್‌ಗಳಲ್ಲಿ ಓಟಗಾರರು. ವಿಕ್ ವರ್ಟ್ಜ್ ನಡುವಿಗೆ ಹೊಡೆದ ಚೆಂಡು 400 ಅಡಿಗೂ ಸಾಕಷ್ಟು ಆಚೆ ಹೋಯಿತು. ಬೇರೆ ಬಹುತೇಕ ಮೈದಾನಗಳಲ್ಲಿ ಅದು ಹೋಮ್ ರನ್. ಇಲ್ಲಿ ಓಡಲು ಇನ್ನೂ ಜಾಗ ಇತ್ತು. ಜಾಯಂಟ್ಸ್‌ನ ನಡು ಔಟ್‌ಫೀಲ್ಡರ್ ವಿಲ್ಲಿ ಮೇಸ್ ಬ್ಯಾಟರ್‌ಗೆ ಬೆನ್ನು ಮಾಡಿ ಓಡಿ, ಭುಜದ ಮೇಲಿಂದ ಬಂದ ಚೆಂಡನ್ನು ಹಿಡಿದು, ಸುತ್ತಿ ಎಸೆದ. ಒಂದು ರನ್ನೂ ಬರಲಿಲ್ಲ. ಹತ್ತನೇ ಇನಿಂಗ್ಸ್‌ನಲ್ಲಿ ಜಾಯಂಟ್ಸ್‌ನ ಡಸ್ಟಿ ರೋಡ್ಸ್ ಬಲಗೆರೆಯ ಪಕ್ಕ ಎತ್ತಿದ ಚೆಂಡು ಸುಮಾರು 260 ಅಡಿಯಲ್ಲಿ ಸ್ಟ್ಯಾಂಡಿನ ಅಂಚಿಗೆ ಬಿತ್ತು. ಮೂರು ರನ್, 5-2, ಪಂದ್ಯ ಮುಗಿಯಿತು. ಆ ದಿನದ ಅತಿ ದೂರದ ಹೊಡೆತ ಔಟ್, ಇನ್ನೂರರವತ್ತು ಅಡಿಯ ಮೆಲು ಹೊಡೆತ ಗೆಲುವು. ಮೇಸ್‌ನ ಕ್ಯಾಚ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಮಟ್ಟಿಗೆ ಆ ಕ್ಯಾಚ್‌ನಲ್ಲಿ ಅರ್ಧ ಪಾಲು ಕೂಗನ್ ಕುಟುಂಬದ ನಿವೇಶನದ್ದು.

ಆಕಾರಕ್ಕೆ ಹೊಂದಿಕೊಂಡವನಿಗೆ ಲಾಭವೂ ಇತ್ತು. ಎಡಗೈ ಬ್ಯಾಟರ್ ಮೆಲ್ ಆಟ್ ಜೀವಮಾನದಲ್ಲಿ ಹೊಡೆದ 511 ಹೋಮ್ ರನ್‌ಗಳಲ್ಲಿ 323 ಈ ಮೈದಾನದಲ್ಲೇ, ಹೆಚ್ಚಾಗಿ ಆ ಬಲಗೆರೆಯ ಸನಿಹಕ್ಕೆ. ಇನ್ನೊಂದು ಕಡೆ ನೋಡಿದರೆ, 1923ರ ವಿಸ್ತರಣೆಯ ನಂತರ ನಡುವಿನ ಬೆಂಚುಗಳಿಗೆ ಚೆಂಡು ಮುಟ್ಟಿಸಿದವರು ನಾಲ್ವರೇ: ಲ್ಯೂಕ್ ಈಸ್ಟರ್, ಜೋ ಆಡ್‌ಕಾಕ್, ಲೂ ಬ್ರಾಕ್, ಹ್ಯಾಂಕ್ ಆರನ್. ಕೊನೆಯ ಇಬ್ಬರದು 1962ರ ಜೂನ್‌ನಲ್ಲಿ ಒಂದರ ಮಾರನೆಯ ದಿನ ಇನ್ನೊಂದು. ಇದಕ್ಕೆ ವಿವರಣೆ ನನಗೆ ಕೇಳಬೇಡಿ.

ನಡುವಿನ ಗೋಡೆಯ ಹಿಂದೆ ಆಟಗಾರರ ಕ್ಲಬ್‌ಹೌಸ್ ಕಟ್ಟಡ ಇತ್ತು. ಅದರ ಕಿಟಕಿ ನೇರವಾಗಿ ಹೋಮ್ ಪ್ಲೇಟ್‌ಗೆ ಮುಖ ಮಾಡಿತ್ತು. 1951ರಲ್ಲಿ ಜಾಯಂಟ್ಸ್ ಅಲ್ಲಿ ದೂರದರ್ಶಕ ಇಟ್ಟು, ಎದುರಾಳಿ ಕ್ಯಾಚರ್ ಬೆರಳಲ್ಲಿ ಪಿಚರ್‌ಗೆ ಕೊಡುವ ಸನ್ನೆ ಓದಿ, ವಿದ್ಯುತ್ ತಂತಿಯ ಬಜರ್ ಮೂಲಕ ಬುಲ್‌ಪೆನ್‌ಗೆ ತಿಳಿಸುತ್ತಿದ್ದರು. ಅಲ್ಲಿಂದ ಬ್ಯಾಟರ್‌ಗೆ ಕೈಸನ್ನೆ. 2001ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಇದನ್ನು ವಿವರವಾಗಿ ಬಯಲು ಮಾಡಿತು. ಬುಲ್‌ಪೆನ್ ಅಂಗಳದ ಒಳಗೆ, ಬ್ಯಾಟರ್‌ನ ಕಣ್ಣಿನ ನೇರಕ್ಕೆ ಇಲ್ಲದಿದ್ದರೆ ಈ ಏರ್ಪಾಡು ನಡೆಯುತ್ತಲೇ ಇರಲಿಲ್ಲ. ಆ ವರ್ಷದ ಅಕ್ಟೋಬರ್ 3ರಂದು ಬಾಬಿ ಥಾಮ್ಸನ್ ರಾಲ್ಫ್ ಬ್ರಾಂಕಾನ ಎಸೆತವನ್ನು ಎಡಬದಿಯ ಸ್ಟ್ಯಾಂಡಿಗೆ ಹೊಡೆದು, ನ್ಯೂಯಾರ್ಕಿನದೇ ಆದ ಬ್ರೂಕ್ಲಿನ್‌ನ ಎದುರಾಳಿ ತಂಡ ಡಾಡ್ಜರ್ಸ್‌ನಿಂದ ಲೀಗ್ ಪಟ್ಟ ಕಿತ್ತುಕೊಂಡ. ಆ ಒಂದು ಎಸೆತದ ಸನ್ನೆ ತನಗೆ ಸಿಕ್ಕಿರಲಿಲ್ಲ ಎಂದೇ ಥಾಮ್ಸನ್ ಹೇಳಿದ.

ಇಷ್ಟೆಲ್ಲ ಇದ್ದ ಜಾಗವನ್ನು ಬಿಟ್ಟದ್ದೇಕೆ? ಕಾರು ಕೊಂಡು ಉಪನಗರಗಳಿಗೆ ಹೋದ ಪ್ರೇಕ್ಷಕರಿಗೆ ಅಲ್ಲಿ ಗಾಡಿ ನಿಲ್ಲಿಸಲು ಜಾಗ ಸಾಲದು. ಕಟ್ಟಡ ಹಳತಾಗುತ್ತಿತ್ತು, ನೆಲ ಬೇರೆಯವರದ್ದಾದ್ದರಿಂದ ಅದರ ಮೇಲೆ ದೊಡ್ಡ ಮೊತ್ತ ಸುರಿಯುವುದರಲ್ಲಿ ಅರ್ಥವಿರಲಿಲ್ಲ. ಬಾಡಿಗೆ ಕೊಡುತ್ತಿದ್ದ ಅಮೆರಿಕನ್ ಫುಟ್‌ಬಾಲ್ ತಂಡ 1956ರಲ್ಲಿ ಯಾಂಕೀ ಸ್ಟೇಡಿಯಂಗೆ ಹೊರಟುಹೋಯಿತು. 1954ರಲ್ಲಿ 11 ಲಕ್ಷ ದಾಟಿದ್ದ ಪ್ರೇಕ್ಷಕರ ಸಂಖ್ಯೆ 1957ರಲ್ಲಿ ಸುಮಾರು 6.5 ಲಕ್ಷಕ್ಕೆ ಇಳಿಯಿತು. ಮಾಲೀಕ ಹೊರೇಸ್ ಸ್ಟೋನ್‌ಹ್ಯಾಮ್ ಮೊದಲು ಮಿನೆಸೋಟಾದ ಕಡೆ ನೋಡಿದ್ದ, ಪಶ್ಚಿಮಕ್ಕೆ ಹೊರಟಿದ್ದ ಡಾಡ್ಜರ್ಸ್‌ನ ಮಾಲೀಕ ವಾಲ್ಟರ್ ಒ'ಮ್ಯಾಲಿ ಅವನನ್ನು ಸ್ಯಾನ್ ಫ್ರಾನ್ಸಿಸ್ಕೊ ಕಡೆ ತಿರುಗಿಸಿದ. 1957ರ ಸೆಪ್ಟೆಂಬರ್ 29ರ ಕೊನೆಯ ಪಂದ್ಯಕ್ಕೆ ಬಂದದ್ದು 11,606 ಜನ. 1962-63ರಲ್ಲಿ ಹೊಸ ತಂಡ ಮೆಟ್ಸ್ ಅಲ್ಲಿ ಎರಡು ವರ್ಷ ಆಡಿತು. 1964ರಲ್ಲಿ ಮೈದಾನ ಕೆಡವಿದರು. ಡಾಡ್ಜರ್ಸ್‌ನ ಎಬ್ಬೆಟ್ಸ್ ಫೀಲ್ಡ್ ಒಡೆದಿದ್ದ, ಬೇಸ್‌ಬಾಲ್‌ನಂತೆ ಬಣ್ಣ ಬಳಿದ ಉಕ್ಕಿನ ಗುಂಡನ್ನೇ ಇಲ್ಲಿಗೂ ತಂದರು.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲ ಎರಡು ವರ್ಷ ಸೀಲ್ಸ್ ಸ್ಟೇಡಿಯಂ. 1931ರಲ್ಲಿ 16ನೇ ಬೀದಿ ಮತ್ತು ಬ್ರಯಂಟ್ ಬೀದಿಯ ಮೂಲೆಯಲ್ಲಿ ಪೆಸಿಫಿಕ್ ಕೋಸ್ಟ್ ಲೀಗ್‌ನ ಸೀಲ್ಸ್ ತಂಡಕ್ಕೆ ಕಟ್ಟಿದ್ದು, ಮುಂದೆ ಯಾಂಕೀಸ್ ತಾರೆಯಾದ ಜೋ ಡಿಮ್ಯಾಜಿಯೊ ಬೆಳೆದದ್ದು ಇಲ್ಲಿ. ಆ ಊರಲ್ಲಿ ಬೇಸಿಗೆಯಲ್ಲಿ ಮಳೆಯಿಲ್ಲವೆಂದು ಸ್ಟ್ಯಾಂಡಿಗೆ ಛಾವಣಿಯನ್ನೇ ಹಾಕಿರಲಿಲ್ಲ. ಬದಲಿಗೆ ಜನ ಬಿಸಿಲಿನಲ್ಲಿ ಕೂತು ಆಟ ನೋಡಿದರು, ಒಳ್ಳೆಯದೇ ಆಯಿತು. 1958ರ ಏಪ್ರಿಲ್ 15ರಂದು ಪಶ್ಚಿಮ ಕರಾವಳಿಯ ಮೊದಲ ಮೇಜರ್ ಲೀಗ್ (ಅಮೆರಿಕದ ಅತ್ಯುನ್ನತ ದರ್ಜೆಯ) ಪಂದ್ಯ ಇಲ್ಲಿ ನಡೆಯಿತು, ಡಾಡ್ಜರ್ಸ್ ವಿರುದ್ಧ 8-0, ರೂಬೆನ್ ಗೋಮೆಜ್ ಪಿಚಿಂಗ್, 23,448 ಪ್ರೇಕ್ಷಕರು. ಇಪ್ಪತ್ತಮೂರು ಸಾವಿರವೇ ಅದರ ಮಿತಿ. ಆದರೂ ಆ ವರ್ಷ ಒಟ್ಟು 12 ಲಕ್ಷಕ್ಕೂ ಹೆಚ್ಚು ಜನ ಬಂದರು, ನ್ಯೂಯಾರ್ಕಿನ ಕೊನೆಯ ವರ್ಷದ ಹತ್ತಿರಹತ್ತಿರ ಎರಡರಷ್ಟು. ಜಾಯಂಟ್ಸ್ ಆಡಿದ ಹಳೆಯ ಮೈದಾನಗಳಲ್ಲಿ ಕೂತು ನೋಡಲು ಅತ್ಯಂತ ಹಿತವಾದದ್ದು ಇದೇ ಇದ್ದಿರಬೇಕು, ಬಾಳಿದ್ದು ಎರಡೇ ಋತು. 1959ರ ಕೊನೆಯಲ್ಲಿ ಕೆಡವಿ, ಆಸನಗಳನ್ನೂ ದೀಪದ ಕಂಬಗಳನ್ನೂ ವಾಷಿಂಗ್ಟನ್ ರಾಜ್ಯದ ಟಕೋಮಾಗೆ ಸಾಗಿಸಿ, ಅಲ್ಲಿಯ ಚೇನಿ ಸ್ಟೇಡಿಯಂಗೆ ಹಾಕಿದರು.

ಇನ್ನು ಕ್ಯಾಂಡಲ್‌ಸ್ಟಿಕ್ ಪಾರ್ಕ್. ಪೋಲೊ ಗ್ರೌಂಡ್ಸ್‌ನಲ್ಲಿ ನೆಲ ಸಾಲದೆ ತೊಂದರೆಯಾಯಿತು. ಇಲ್ಲಿ ನೆಲ ಬೇಕಾದಷ್ಟಿತ್ತು, ಜಾಗವೇ ತಪ್ಪು. ನಗರದ ಆಗ್ನೇಯ ತುದಿಯ ಕೊಲ್ಲಿ ದಂಡೆಯಲ್ಲಿ ನೆಲ ಇದ್ದದ್ದು ಗುತ್ತಿಗೆದಾರ ಚಾರ್ಲ್ಸ್ ಹಾರ್ನಿಯ ಕೈಯಲ್ಲಿ. ನಗರ ಅವನಿಂದ ನೆಲ ಕೊಂಡು ಮೈದಾನ ಕಟ್ಟುವ ಗುತ್ತಿಗೆಯನ್ನೂ ಅವನಿಗೇ ಕೊಟ್ಟಿತು. ಗ್ರ್ಯಾಂಡ್ ಜ್ಯೂರಿ, ಅಂದರೆ ನಾಗರಿಕರ ತನಿಖಾ ಮಂಡಳಿಯ, ವಿಚಾರಣೆ ನಡೆದದ್ದು ಸಹಜವೇ. ಪಕ್ಕದ ಬೇವ್ಯೂ ಗುಡ್ಡವನ್ನು ಕೊರೆದ ಮಣ್ಣಿನಿಂದ ಕೊಲ್ಲಿ ತುಂಬಿ ಕಾರು ನಿಲ್ದಾಣ ಮಾಡಿದರು. ನ್ಯೂಯಾರ್ಕಿನಲ್ಲಿ ಇಲ್ಲದ್ದು ಇಲ್ಲಿ ಎಕರೆಗಟ್ಟಲೆ ಸಿಕ್ಕಿತು.

ಗಾಳಿಯ ಲೆಕ್ಕ ಸರಳ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಒಳಕಣಿವೆ ಕಾಯುತ್ತದೆ, ಅಲ್ಲಿನ ಗಾಳಿ ಮೇಲೇರುತ್ತದೆ, ಅದರ ಜಾಗಕ್ಕೆ ಪೆಸಿಫಿಕ್‌ನ ತಣ್ಣನೆಯ ಗಾಳಿ ನುಗ್ಗುತ್ತದೆ. ಗುಡ್ಡಗಳ ನಡುವಿನ ಸಂದಿಯಲ್ಲಿ ವೇಗ ಹೆಚ್ಚಿಸಿಕೊಂಡು ಬಂದು, ಬೇವ್ಯೂ ಗುಡ್ಡಕ್ಕೆ ಬಡಿದು, ಅದರ ಮೇಲಿಂದಲೂ ಪಕ್ಕದಿಂದಲೂ ಸುರುಳಿಯಾಗಿ ಇಳಿಯುತ್ತದೆ. ಮೈದಾನ ಕೂತದ್ದು ಸರಿಯಾಗಿ ಆ ಸುರುಳಿಯ ಕೆಳಗೆ. ಬೆಳಿಗ್ಗೆ ಎಲೆ ಅಲುಗದು, ಮಧ್ಯಾಹ್ನದ ಮೇಲೆ ನಿಲ್ಲಲಾಗದು. ಸ್ಟೋನ್‌ಹ್ಯಾಮ್‌ಗೆ ಜಾಗ ತೋರಿಸಿದ್ದು ಬೆಳಗಿನ ಹೊತ್ತು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ.

ವಾಸ್ತುಶಿಲ್ಪಿ ಜಾನ್ ಬೋಲ್ಸ್ ಗಾಳಿಯನ್ನು ಮರೆತಿರಲಿಲ್ಲ. ಮೇಲಂತಸ್ತಿನ ಹಿಂದೆ ಬಾಗಿದ ಕಾಂಕ್ರೀಟ್ ತಡೆ ಹಾಕಿದ. ಎದುರಿನಿಂದ ನೇರ ಬೀಸುವ ಗಾಳಿಗೆ ತಡೆ ಸಾಕು, ಮೇಲಿಂದ ಸುರುಳಿಯಾಗಿ ಬೀಳುವುದಕ್ಕೆ ಅದು ಏನು ಮಾಡೀತು? ಎರಡನೆಯ ಉಪಾಯ ಆಸನಗಳ ಕೆಳಗಿನ ಕಾಂಕ್ರೀಟಿನಲ್ಲಿ ಬಿಸಿನೀರಿನ ಕೊಳವೆ. ಕೊಳವೆಗಳು ತೀರ ಆಳಕ್ಕೆ ಕೂತು ಬಿಸಿ ಮೇಲಕ್ಕೆ ಬರಲೇ ಇಲ್ಲ. ಖ್ಯಾತ ವಕೀಲ ಮೆಲ್ವಿನ್ ಬೆಲ್ಲಿ ಟಿಕೆಟ್ಟಿನಲ್ಲಿ ಹೇಳಿದ ಬೆಚ್ಚನೆ ಸಿಗಲಿಲ್ಲವೆಂದು ದಾವೆ ಹೂಡಿ, 1962ರಲ್ಲಿ ತನ್ನ ಋತುವಿನ ಟಿಕೆಟ್ ಹಣ 1,597 ಡಾಲರ್ ಗೆದ್ದ.

1960ರ ಏಪ್ರಿಲ್ 12ರಂದು ಉಪಾಧ್ಯಕ್ಷ ರಿಚರ್ಡ್ ನಿಕ್ಸನ್ ಮೊದಲ ಚೆಂಡು ಎಸೆದು ಮೈದಾನ ಶುರುವಾಯಿತು. ಮರುವರ್ಷದ ಜುಲೈನ ಆಲ್-ಸ್ಟಾರ್ ಪಂದ್ಯದಲ್ಲಿ ಪಿಚರ್ ಸ್ಟೂ ಮಿಲ್ಲರ್ ಎಸೆಯಲು ನಿಂತಾಗ ಗಾಳಿ ಅವನನ್ನು ಓಲಾಡಿಸಿತು. ಅಷ್ಟು ಅಲುಗಿದರೂ ನಿಯಮದಲ್ಲಿ ಅದು ಬಾಕ್ ಎಂಬ ಪಿಚರ್‌ನ ತಪ್ಪು, ಓಟಗಾರರು ಒಂದೊಂದು ಬೇಸ್ ಮುಂದೆ ಹೋದರು. ಗಾಳಿ ಮಿಲ್ಲರ್‌ನನ್ನು ದಿಬ್ಬದಿಂದಲೇ ಹಾರಿಸಿತು ಎಂಬುದು ಪತ್ರಿಕೆಗಳ ಕೈಚಳಕ.

1962 ಈ ಮೈದಾನದ ಬಹು ದೊಡ್ಡ ವರ್ಷ, ಆ ವರ್ಷದ ನಾಯಕ ಮೈದಾನದ ಮೇಲ್ವಿಚಾರಕ ಮ್ಯಾಟಿ ಶ್ವಾಬ್ ಎಂದರೂ ಸಲ್ಲುತ್ತದೆ. ಇವನನ್ನು ಜಾಯಂಟ್ಸ್ 1946ರಲ್ಲಿ ಬ್ರೂಕ್ಲಿನ್‌ನಿಂದ ಸೆಳೆದು ತಂದಾಗ ಪೋಲೊ ಗ್ರೌಂಡ್ಸ್‌ನ ಸ್ಟ್ಯಾಂಡಿನ ಕೆಳಗೇ ಮನೆ ಕಟ್ಟಿಸಿಕೊಟ್ಟಿದ್ದರು. ಡಾಡ್ಜರ್ಸ್‌ನ ಮಾರಿ ವಿಲ್ಸ್ ಆ ವರ್ಷ 104 ಬೇಸ್ ಕದ್ದವನು, ಅಂದರೆ ಬ್ಯಾಟರ್ ಹೊಡೆಯುವುದನ್ನು ಕಾಯದೆ ಓಡಿ ಮುಂದಿನ ಬೇಸ್ ಹಿಡಿದವನು. ಅವನ ಬಲ ಇದ್ದದ್ದು ಮೊದಲ ಎರಡು ಹೆಜ್ಜೆಯ ಚಿಮ್ಮುವಿಕೆಯಲ್ಲಿ. ಆಗಸ್ಟ್‌ನ ಸರಣಿಗೆ ಮುನ್ನ ಶ್ವಾಬ್‌ನ ಆಳುಗಳು ಮೊದಲ ಬೇಸ್‌ನ ಪಕ್ಕ, ಓಟಗಾರ ಹೊಂಚು ಹಾಕಿ ನಿಲ್ಲುವ ಕಡೆ, ಗಟ್ಟಿ ಮಣ್ಣು ಅಗೆದು ಮರಳು, ಪೀಟ್ ಮಾಸ್ ಮತ್ತು ನೀರು ಬೆರೆಸಿ ತುಂಬಿದರು. ಮೇಲೆ ಒಣ ಮಣ್ಣಿನ ತೆಳು ಪದರ, ಕೆಳಗೆ ಹೆಜ್ಜೆ ಹೂಳುವ ಕೆಸರು. ಅಂಪೈರ್‌ಗಳು ಕಂಡುಹಿಡಿದು ತೆಗೆಸಿದರು. ಆಳುಗಳು ತಳ್ಳುಗಾಡಿಯಲ್ಲಿ ಒಯ್ದು, ಅದೇ ಮಿಶ್ರಣವನ್ನು ವಾಪಸು ತಂದು ಸುರಿದರು! ಋತುವಿನ ಕೊನೆಗೆ ಎರಡೂ ತಂಡ ಸಮ, ಮೂರು ಪಂದ್ಯಗಳ ಪ್ಲೇಆಫ್‌ನಲ್ಲಿ ಜಾಯಂಟ್ಸ್ ಗೆದ್ದರು.

ಆದರೆ ವರ್ಲ್ಡ್ ಸೀರೀಸ್‌ನಲ್ಲಿ ಒದ್ದೆ ನೆಲ ಅವರ ಮೇಲೇ ತಿರುಗಿತು. ದಿನಗಟ್ಟಲೆ ಮಳೆ, ಅಂಗಳ ಒಣಗಿಸಲು ಹೆಲಿಕಾಪ್ಟರ್‌ಗಳನ್ನು ತಂದರು. ಅಕ್ಟೋಬರ್ 16ರ ಏಳನೇ ಪಂದ್ಯ, ಯಾಂಕೀಸ್ 1-0 ಮುಂದೆ, ಕೊನೆಯ ಇನಿಂಗ್ಸ್, ಎರಡು ಔಟ್, ಮೊದಲ ಬೇಸ್‌ನಲ್ಲಿ ಮ್ಯಾಟಿ ಅಲೂ. ಮೇಸ್ ಬಲಕ್ಕೆ ಹೊಡೆದ ಚೆಂಡು ಒಣ ನೆಲವಾಗಿದ್ದರೆ ಗೋಡೆವರೆಗೆ ಉರುಳಬೇಕಿತ್ತು. ಒದ್ದೆ ಹುಲ್ಲು ಅದನ್ನು ತಡೆಯಿತು, ರೋಜರ್ ಮ್ಯಾರಿಸ್ ಅಡ್ಡ ಬಂದು ಎತ್ತಿ ಎಸೆದ, ಅಲೂ ಮೂರನೇ ಬೇಸ್‌ನಲ್ಲಿ ನಿಂತ. ಮುಂದಿನ ಬ್ಯಾಟರ್ ವಿಲ್ಲಿ ಮೆಕವಿಯ ಬಿರುಸಿನ ಹೊಡೆತ ಎರಡನೇ ಬೇಸ್‌ನ ಬಾಬಿ ರಿಚರ್ಡ್‌ಸನ್‌ನ ಕೈಗೇ ಹೋಯಿತು, ಮೂರನೇ ಔಟ್, ಜಾಯಂಟ್ಸ್ ಸೋತರು.

1970ರ ಸುಮಾರಿಗೆ ಫುಟ್‌ಬಾಲ್ ತಂಡ 49ಅರ್ಸ್‌ಗಾಗಿ ತೆರೆದ ಬದಿಯನ್ನೂ ಸ್ಟ್ಯಾಂಡ್‌ಗಳಿಂದ ಮುಚ್ಚಿ, ಹುಲ್ಲಿನ ಬದಲು ಕೃತಕ ಹಾಸು ಹಾಕಿದರು. ಮುಚ್ಚಿದರೆ ಗಾಳಿ ನಿಲ್ಲುತ್ತದೆ ಎಂಬ ಆಸೆಯೂ ಇತ್ತು. ಮೊದಲು ಎಡದಿಂದ ಬಂದು ಬಲಕ್ಕೆ ಹೊರಹೋಗುತ್ತಿದ್ದ ಗಾಳಿ ಈಗ ಒಳಗೇ ಸುತ್ತತೊಡಗಿತು, ಎತ್ತರಕ್ಕೆ ಹೋದ ಚೆಂಡು ಎಲ್ಲಿ ಇಳಿಯುತ್ತದೆಂದು ಹಳಬರಿಗೂ ಹೇಳಲಾಗದು. ಹುಲ್ಲು 1979ರಲ್ಲಿ ವಾಪಸಾಯಿತು, ಗಾಳಿ ಹಾಗೇ ಉಳಿಯಿತು. 1983ರಲ್ಲಿ ತಂಡ ಸೋಲೊಪ್ಪಿಕೊಂಡು ತಮಾಷೆಗೆ ಇಳಿಯಿತು: ರಾತ್ರಿಯ ಪಂದ್ಯ ಹೆಚ್ಚುವರಿ ಇನಿಂಗ್ಸ್‌ಗೆ ಹೋದಾಗ ಕೊನೆಯವರೆಗೆ ಕೂತವರಿಗೆ ಹಿಮ ಕೂತ ಲಾಂಛನದ ಪದಕ!

ಕಾಂಕ್ರೀಟಿನ ಬಗ್ಗೆ ಮಾತ್ರ ದೂರುವಂತಿಲ್ಲ. 1989ರ ಅಕ್ಟೋಬರ್ 17, ಸಂಜೆ 5.04, ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯಕ್ಕೆ ಸುಮಾರು 62,000 ಜನ ಕೂತಿದ್ದಾಗ 6.9 ತೀವ್ರತೆಯ ಲೋಮ ಪ್ರೀಟಾ ಭೂಕಂಪ. ಅಲ್ಲಲ್ಲಿ ಚೂರು ಉದುರಿತು, ಸ್ಟ್ಯಾಂಡ್ ನಿಂತಿತು. ಸರಣಿ ಹತ್ತು ದಿನ ತಡವಾಗಿ ಮುಂದುವರಿಯಿತು.

ಇಲ್ಲಿಂದ ಹೊರಹೋಗಲು, ಹೊಸ ಮೈದಾನಕ್ಕೆ ಒಪ್ಪಿಗೆ ಕೇಳಿ ತಂಡ ಮತದಾರರ ಬಳಿ ಹೋಯಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1987 ಮತ್ತು 1989, ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ 1990, ಸ್ಯಾನ್ ಹೋಸೆಯಲ್ಲಿ 1992, ನಾಲ್ಕೂ ಸೋಲು. ಇಂದು ಸಾವಿರಾರು ಕನ್ನಡ ಮನೆಗಳಿರುವ ಆ ಸಿಲಿಕಾನ್ ಕಣಿವೆ ಅಂದು ಹೂಂ ಎಂದಿದ್ದರೆ ಜಾಯಂಟ್ಸ್ ಅಲ್ಲಿಗೇ ಬರುತ್ತಿದ್ದರು. 1992ರಲ್ಲಿ ಫ್ಲಾರಿಡಾಕ್ಕೆ ಮಾರಾಟವಾಗಿಯೇ ಬಿಟ್ಟಿತ್ತು, ಲೀಗ್ ತಡೆಯಿತು, ಪೀಟರ್ ಮಗೋವನ್ ಗುಂಪು 10 ಕೋಟಿ ಡಾಲರ್‌ಗೆ ಕೊಂಡಿತು. ಹೊಸ ಮೈದಾನವನ್ನು ಖಾಸಗಿ ಹಣದಲ್ಲೇ ಕಟ್ಟುತ್ತೇವೆಂದ ಮೇಲೆ 1996ರಲ್ಲಿ ಮತದಾರರು ಒಪ್ಪಿದರು.

ಈ ಸಲ ಕಟ್ಟುವ ಮೊದಲೇ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗಾಳಿ ಸುರಂಗದಲ್ಲಿ ಮಾದರಿ ಇಟ್ಟು ಪರೀಕ್ಷಿಸಿ, ಪಶ್ಚಿಮದ ಗಾಳಿಗೆ ಸ್ಟ್ಯಾಂಡೇ ಬೆನ್ನು ಕೊಡುವಂತೆ ಕೂರಿಸಿದರು. ಆದರೂ ನಿವೇಶನ ತನ್ನ ಮಾತು ನಡೆಸಿತು. 1958ರ ಜೂನ್ ನಂತರದ ಮೈದಾನಗಳಲ್ಲಿ ಗೆರೆಯ ತುದಿ ಕನಿಷ್ಠ 325 ಅಡಿ ಇರಬೇಕೆಂಬುದು ನಿಯಮ. ಬಲಕ್ಕೆ ಕೊಲ್ಲಿಯ ನೀರು ಒತ್ತಿದ್ದರಿಂದ ಇಲ್ಲಿ ಸಿಕ್ಕಿದ್ದು 309 ಅಡಿ. ವಿಶೇಷ ಅನುಮತಿ ಪಡೆದು, ಮೇಸ್‌ನ ಅಂಗಿಯ ಸಂಖ್ಯೆಯ ಲೆಕ್ಕಕ್ಕೆ 24 ಅಡಿ ಎತ್ತರದ ಗೋಡೆ ಕಟ್ಟಿದರು. ಕ್ಯಾಂಡಲ್‌ಸ್ಟಿಕ್‌ನ ಕೊನೆಯ ಪಂದ್ಯ 1999ರ ಸೆಪ್ಟೆಂಬರ್ 30ರಂದು, ಡಾಡ್ಜರ್ಸ್ ಎದುರು 9-4 ಸೋಲು. ಫುಟ್‌ಬಾಲ್ 2013ರವರೆಗೆ ನಡೆಯಿತು. ಸ್ಫೋಟಿಸಿದರೆ ಧೂಳು ಏಳುತ್ತದೆಂದು ಸುತ್ತಲಿನವರು ವಿರೋಧಿಸಿದ್ದರಿಂದ 2015ರಲ್ಲಿ ಯಂತ್ರಗಳಿಂದ ತುಂಡುತುಂಡಾಗಿ ಒಡೆದರು.

ಹೋಗಿ ನೋಡಬಯಸುವವರಿಗೆ: ನ್ಯೂಯಾರ್ಕಿನಲ್ಲಿ ಡಿ ಸಬ್‌ವೇಯ 155ನೇ ಬೀದಿ ನಿಲ್ದಾಣದಲ್ಲಿ ಇಳಿದರೆ ಪೋಲೊ ಗ್ರೌಂಡ್ಸ್ ಟವರ್ಸ್ ಎಂಬ 30 ಅಂತಸ್ತಿನ ನಾಲ್ಕು ವಸತಿ ಕಟ್ಟಡಗಳು ಕಾಣುತ್ತವೆ. ಮೈದಾನ ಇದ್ದದ್ದು ಅಲ್ಲೇ. ಮೇಲಿನ ಎಜ್‌ಕೂಂಬ್ ಅವೆನ್ಯೂದಿಂದ ಬಂಡೆಗುಡ್ಡ ಇಳಿಯುವ, 1913ರ ಜಾನ್ ಬ್ರಷ್ ಮೆಟ್ಟಿಲು ಈಗ ದುರಸ್ತಿಯಾಗಿ ಬಳಕೆಯಲ್ಲಿದೆ. ಇಳಿಯುವಾಗ ಎಡಬಲ ನೋಡಿ, ನಿವೇಶನ ಎಷ್ಟು ಕಿರಿದು ಎಂಬುದು ಅಲ್ಲಿಂದ ಚೆನ್ನಾಗಿ ತಿಳಿಯುತ್ತದೆ. ಸೀಲ್ಸ್ ಸ್ಟೇಡಿಯಂ ಜಾಗದಲ್ಲಿ ಅಂಗಡಿ ಸಂಕೀರ್ಣವಿದೆ. ಕ್ಯಾಂಡಲ್‌ಸ್ಟಿಕ್ ಕಡೆ ಹೋಗುವುದಾದರೆ ಜುಲೈನಲ್ಲಿ, ಮಧ್ಯಾಹ್ನ ಮೂರರ ಮೇಲೆ ಹೋಗಿ, ಸ್ವೆಟರ್ ಮರೆಯಬೇಡಿ.